ಮಳೆಗಾಲದಲ್ಲಿ ಊರು ಕಾಯ್ದವರಿಗೆ ಸನ್ಮಾನ: ಸರಿಯಾಗಿ ಮಾಡುವುದು ಹೇಗೆ?

ಮಲೆನಾಡಿನಲ್ಲಿ ಮಳೆ ಹಿಂದೆ ಸರಿಯುತ್ತಿದ್ದಂತೆ ಸನ್ಮಾನಗಳು ಶುರುವಾಗುತ್ತವೆ. ವೇದಿಕೆ ಮೇಲೆ ಒಬ್ಬ ಪವರ್‌ಮ್ಯಾನ್, ಇಬ್ಬರು ಈಜುಗಾರರು, ಒಬ್ಬ ಆಶಾ ಕಾರ್ಯಕರ್ತೆ. ನಿರೂಪಕರು ಹೆಸರು ತಪ್ಪಾಗಿ ಓದುತ್ತಾರೆ. ನಾಲ್ವರಿಗೂ ಒಂದೇ ಮಾತು: 'ನಿಸ್ವಾರ್ಥ ಸೇವೆಯ ಸರಳ ಸಜ್ಜನರು'. ಶಾಲು, ಹಾರ, ಫೋಟೊ, ಮುಗಿಯಿತು. ಅವರು ಮಾಡಿದ್ದೇನು ಅನ್ನುವುದು ಮುಂದೆ ಕೂತವರಿಗೆ ಗೊತ್ತಾಗುವುದೇ ಇಲ್ಲ. ಇದನ್ನು ಎಷ್ಟೋ ಊರುಗಳಲ್ಲಿ ನೋಡಿ ಬೇಸರವಾಗಿದೆ. ಜೀವ ಪಣಕ್ಕಿಟ್ಟವರಿಗೆ ಇದಕ್ಕಿಂತ ಒಳ್ಳೆಯ ಗೌರವ ಸಲ್ಲಬೇಕು. ಅದಕ್ಕೆ ದುಡ್ಡು ಜಾಸ್ತಿ ಬೇಡ, ಸ್ವಲ್ಪ ಓಡಾಟ ಬೇಕು.

1. ಪಟ್ಟಿ ಮಾಡಿ

ತುಂಬಿದ ಹೊಳೆಗೆ ಇಳಿದವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಮಳೆಗೆ ಮುಂಚೆಯೇ ಕೆಲಸ ಮಾಡಿಟ್ಟವರು ಯಾರಿಗೂ ನೆನಪಾಗುವುದಿಲ್ಲ. ಮೇ ತಿಂಗಳಲ್ಲೇ ಮೋರಿಯ ಕಸ ತೆಗೆಸಿದ ಪಂಚಾಯ್ತಿ ಸಿಬ್ಬಂದಿ, ಕಾಲುಸಂಕಕ್ಕೆ ಹೊಸ ಮರ ಹಾಕಿ ಕೈಹಿಡಿ ಕಟ್ಟಿದವರು, ಗಾಜನೂರಿನಂಥ ಅಣೆಕಟ್ಟೆಯ ಗೇಟಿನ ಬಳಿ ರಾತ್ರಿಯಿಡೀ ಎಚ್ಚರ ಇರುವವರು, ನೆರೆ ಸಂತ್ರಸ್ತರ ಕಾಳಜಿ ಕೇಂದ್ರದಲ್ಲಿ ಅಡುಗೆ ಮಾಡಿದ ಬಿಸಿಯೂಟದ ಅಕ್ಕಂದಿರು. ಇವರನ್ನೂ ಬರೆದುಕೊಳ್ಳಿ.

ಮಳೆ ಮಾತ್ರ ಆಪತ್ತಲ್ಲ. ಬೇಸಿಗೆಗೆ ಮುಂಚೆ ಬೆಂಕಿರೇಖೆ ಮಾಡಿ ಕಾಡು ಕಾಯುವ ಅರಣ್ಯ ಇಲಾಖೆಯ ಕಾವಲುಗಾರರಿದ್ದಾರೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಇವತ್ತಿಗೂ ಕಾಡಂಚಿನ ಮನೆಮನೆಗೆ ಹೋಗಿ ಈ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಕೊಡುವವರು, ಜ್ವರ ಬಂದವರನ್ನು ಗುರುತಿಸುವವರು ಆಶಾ ಕಾರ್ಯಕರ್ತೆಯರು. ಪಟ್ಟಿಯಲ್ಲಿ ಅರ್ಧದಷ್ಟಾದರೂ ಇಂಥ ಮುಂಜಾಗ್ರತೆಯ ಕೆಲಸ ಮಾಡಿದವರಿರಲಿ. ಇದು ನನ್ನ ಗಟ್ಟಿ ಅಭಿಪ್ರಾಯ.

2. ಮೊದಲು ಕೇಳಿ, ಆಮೇಲೆ ಫ್ಲೆಕ್ಸ್ ಹಾಕಿ

ಅವರ ಒಪ್ಪಿಗೆ ಬೇಕು. ಸರ್ಕಾರಿ ನೌಕರರಾದರೆ ಸನ್ಮಾನ ಸ್ವೀಕರಿಸಲು ಮೇಲಧಿಕಾರಿಯ ಅನುಮತಿಯೂ ಬೇಕಾಗುತ್ತದೆ. ಒಂದು ಪತ್ರ ಬರೆದು ಕಚೇರಿಗೆ ಕೊಡಿ. ನಗದು ಕೊಡಲು ಹೋಗಬೇಡಿ, ಅವರಿಗೇ ತೊಂದರೆ.

3. ನಡೆದದ್ದನ್ನು ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಸನ್ಮಾನ ಪತ್ರವನ್ನು ಹಿಂದಿನ ರಾತ್ರಿ ಡಿಟಿಪಿ ಅಂಗಡಿಯಲ್ಲಿ ಕೂತು, ಹಳೇ ಪತ್ರದ ಹೆಸರು ಬದಲಿಸಿ ಮುಗಿಸುತ್ತಾರೆ. ನಿವೃತ್ತ ಮೇಷ್ಟ್ರಿಗೆ ಬರೆದದ್ದೇ ಅಗ್ನಿಶಾಮಕ ಸಿಬ್ಬಂದಿಗೂ ಆಗುತ್ತದೆ. ದಯವಿಟ್ಟು ಇದನ್ನು ಬಿಡಿ. ಈಗ ಮೊಬೈಲಿನಲ್ಲಿ ಒಂದು ಸಾಲು ಕೊಟ್ಟರೆ ಪೂರ್ತಿ ಪತ್ರ ಬರೆದುಕೊಡುವ ಆ್ಯಪ್‌ಗಳೂ ಬಂದಿವೆ. ಅವುಗಳಿಗೆ ನಿಮ್ಮೂರಿನ ಹಳ್ಳ ಗೊತ್ತಿಲ್ಲ, ಆ ರಾತ್ರಿ ಗೊತ್ತಿಲ್ಲ. ಪತ್ರ ಬರೆಯಲು ಹತ್ತು ದಿನ ಇಟ್ಟುಕೊಳ್ಳಿ.

ಮೊದಲ ದಿನವೇ ಸನ್ಮಾನಿತರನ್ನು ಮಾತಾಡಿಸಬೇಡಿ. ಅಲ್ಲಿದ್ದ ಬೇರೆಯವರಿಂದ ಶುರು ಮಾಡಿ: ಫೋನ್ ಮಾಡಿದವರು, ಹಗ್ಗ ಹಿಡಿದವರು, ಜೀಪು ಕೊಟ್ಟವರು, ಪಾರಾದವರು. ಇವರ ಮಾತು ಕೇಳಿದ ಮೇಲೆ ಅವರ ಹತ್ತಿರ ಹೋಗಿ. ನೇರವಾಗಿ ಕೇಳಿದರೆ ಉತ್ತರ ಗೊತ್ತೇ ಇದೆ: 'ಅದೇನ್ ದೊಡ್ಡದು ಮಾರಾಯ್ರೆ, ನಮ್ ಕೆಲ್ಸ ಅಷ್ಟೆ.' ಜಗುಲಿ ಮೇಲೆ ಕೂತು ಕೇಳಿದರೆ ಇಷ್ಟೇ ಸಿಗುತ್ತದೆ. ಆ ಜಾಗಕ್ಕೇ ಕರೆದುಕೊಂಡು ಹೋಗಿ. ಹಳ್ಳದ ದಡದಲ್ಲಿ ನಿಂತಾಗ ತಾವಾಗಿಯೇ ಹೇಳುತ್ತಾರೆ: 'ನೀರು ಈ ಹಲಸಿನ ಮರದ ಬುಡಕ್ಕೆ ಬಂದಿತ್ತು, ಅಲ್ಲಿಂದ ಇಳಿಯಕ್ ಆಗ್ಲಿಲ್ಲ, ಸುತ್ಹಾಕ್ಕೊಂಡು ಬಂದ್ವಿ.' ಬರೆದುಕೊಳ್ಳಬೇಕಾದ್ದು ಇದನ್ನೇ.

'ಈ ಸೇವೆಗೆ ನಿಮಗೆ ಪ್ರೇರಣೆ ಯಾರು' ಅಂತ ಕೇಳಬೇಡಿ. ಕೇಳಬೇಕಾದ್ದು ಸಣ್ಣ ಸಣ್ಣ ಪ್ರಶ್ನೆ. ಅಣ್ಣಾ, ಫೋನ್ ಬಂದಿದ್ದು ಎಷ್ಟೊತ್ತಿಗೆ? ಕೈಯಲ್ಲಿ ಏನಿತ್ತು? ಜತೆಗೆ ಯಾರ್ಯಾರು ಬಂದ್ರು? ನೀರು ಎಲ್ಲಿವರೆಗೆ ಇತ್ತು? ಯಾವುದನ್ನು ಮೊದಲು ಮಾಡಿದ್ರಿ, ಯಾಕೆ? ಯಾವುದನ್ನು ಬೇಡ ಅಂತ ಬಿಟ್ರಿ? ಕೊನೆಯ ಪ್ರಶ್ನೆ ಮರೆಯಬೇಡಿ. ಹಗ್ಗ ಬರುವ ತನಕ ನೀರಿಗೆ ಇಳಿಯದೆ ಕಾದವರು ಅಂಜುಬುರುಕರಲ್ಲ, ಕೆಲಸ ಬಲ್ಲವರು. ಅದನ್ನೂ ಪತ್ರದಲ್ಲಿ ಬರೆದರೆ ಊರಿನ ಹುಡುಗರು ಅದನ್ನೇ ಕಲಿಯುತ್ತಾರೆ. 'ಹಿಂದೆಮುಂದೆ ನೋಡದೆ ಧುಮುಕಿದರು' ಅಂತ ಹೊಗಳಿದರೆ ಮುಂದಿನ ಮಳೆಗಾಲಕ್ಕೆ ಈಜು ಬಾರದ ಹುಡುಗನೂ ಧುಮುಕುತ್ತಾನೆ.

ಕೇಳಿದ್ದನ್ನೆಲ್ಲ ತಾಳೆ ನೋಡಿ. ಹೊತ್ತು ತಿಳಿಯಲು ಫೋನಿನ ಕಾಲ್ ಪಟ್ಟಿ ನೋಡಿ. ಫೋಟೊ ಬೇಕಾದರೆ ತೆಗೆದವರ ಮೊಬೈಲಿನ ಗ್ಯಾಲರಿಯಿಂದಲೇ ತಗೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಬಂದ ಫೋಟೊದಲ್ಲಿ ತೆಗೆದ ದಿನ, ಹೊತ್ತು ಉಳಿದಿರುವುದಿಲ್ಲ. ಎಷ್ಟೋ ಸಲ ಅದು ಬೇರೆ ವರ್ಷದ್ದೋ ಬೇರೆ ಜಿಲ್ಲೆಯದ್ದೋ ಆಗಿರುತ್ತದೆ. 'ನೂರಾರು ಜೀವ ಉಳಿಸಿದರು' ಬೇಡ. ನಾಲ್ವರಾದರೆ ನಾಲ್ವರು ಅಂತಲೇ ಬರೆಯಿರಿ. 'ಭೀಕರ ಪ್ರವಾಹ' ಅನ್ನುವ ಬದಲು ಊರಿನ ಗುರುತು ಹೇಳಿ. ಶಿವಮೊಗ್ಗದವರಿಗೆ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತು ಅಂದರೆ ತುಂಗೆ ಎಷ್ಟು ಬಂದಿದ್ದಾಳೆ ಅಂತ ಗೊತ್ತಾಗುತ್ತದೆ. ತೀರ್ಥಹಳ್ಳಿಯವರಿಗೆ ರಾಮಮಂಟಪ ಸಾಕು.

ಈಗ ಬರವಣಿಗೆ. ಸಾಮಾನ್ಯವಾಗಿ ಕಾಣುವ ಪತ್ರ ಹೀಗಿರುತ್ತದೆ:

'ಶ್ರೀಯುತರು ಪ್ರಕೃತಿ ವಿಕೋಪದ ಸಂದರ್ಭದಲ್ಲಿ ಪ್ರಾಣದ ಹಂಗು ತೊರೆದು, ಹಗಲಿರುಳೆನ್ನದೆ ದುಡಿದು, ನೂರಾರು ಕುಟುಂಬಗಳಿಗೆ ಬೆಳಕಾಗಿದ್ದಾರೆ.'

ಇದರಲ್ಲಿ ಒಂದೂ ಸಂಗತಿ ಇಲ್ಲ. ಅದೇ ಪವರ್‌ಮ್ಯಾನ್ ಬಗ್ಗೆ ಹೀಗೆ ಬರೆಯಬಹುದು:

'ಗಾಳಿಮಳೆಗೆ ದೊಡ್ಡ ಮರವೊಂದು 11 ಕೆವಿ ಲೈನಿನ ಮೇಲೆ ಬಿದ್ದು ಮೂರು ಕಂಬ ಮುರಿದವು. ಜೀಪಿನ ದಾರಿಯಲ್ಲಿ ಹಳ್ಳ ಉಕ್ಕಿತ್ತು. ಇವರು ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತಗೊಂಡು, ಸಾಮಾನು ಹೊತ್ತು ಗದ್ದೆಬದುವಿನ ಮೇಲೆ ನಡೆದು ಬಂದರು. ಲೈನಿಗೆ ಅರ್ಥಿಂಗ್ ಕೊಟ್ಟ ಮೇಲೆಯೇ ಮರಕ್ಕೆ ಕೈಹಾಕಿದರು. ಊರಿನ ಐವರು ಕಂಬ ಎಳೆದುಕೊಟ್ಟರು. ಕುಡಿಯುವ ನೀರಿನ ಬೋರ್‌ವೆಲ್ ಇರುವ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಮೊದಲು ಕರೆಂಟು ಕೊಟ್ಟರು. ಎರಡನೇ ದಿನ ಸಂಜೆ ಹೊತ್ತಿಗೆ ಊರಿಗೆಲ್ಲ ಬಂತು.'

ಇಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಓದಿದವರಿಗೆ ಅವರ ಮೇಲೆ ಗೌರವ ಬರುತ್ತದೆ, ಅಲ್ವಾ? ಅರ್ಥಿಂಗ್, ಅಂದರೆ ಲೈನನ್ನು ನೆಲಕ್ಕೆ ಜೋಡಿಸುವ ಮಾತು ಸುಮ್ನೆ ಹಾಕಿದ್ದಲ್ಲ. ಎಲ್‌ಸಿ, ಅಂದರೆ ಲೈನಿನ ಕರೆಂಟು ತೆಗೆದಿದ್ದೇವೆ ಅನ್ನುವ ಲೈನ್ ಕ್ಲಿಯರ್, ಸಿಕ್ಕ ಮೇಲೂ ಯಾರದೋ ಮನೆಯ ಜನರೇಟರ್ ತಪ್ಪಾಗಿ ಜೋಡಿಸಿದ್ದರೆ ಅದರ ಕರೆಂಟು ವಾಪಸ್ ಲೈನಿಗೆ ಹರಿಯಬಹುದು. ಕಂಬದ ಮೇಲಿದ್ದವರ ಜೀವ ಹೋಗುವುದು ಹಾಗೆಯೇ. ಪತ್ರ ಓದುವಾಗ ಇದನ್ನು ಒಂದು ಮಾತಿನಲ್ಲಿ ಸಭೆಗೆ ಹೇಳಿ. ಎಷ್ಟೋ ಜನ ಮನೆಗೆ ಹೋಗಿ ತಮ್ಮ ಜನರೇಟರ್ ಜೋಡಣೆ ನೋಡಿಕೊಳ್ಳುತ್ತಾರೆ.

ತಂಡದ ಕೆಲಸಕ್ಕೆ ಒಬ್ಬರ ಹೆಸರು ಹಾಕುವುದು ದೊಡ್ಡ ಅನ್ಯಾಯ. ದೋಣಿಯಲ್ಲಿ ಮುಂದೆ ನಿಂತವರ ಫೋಟೊ ಬಂದಿರುತ್ತದೆ, ಹುಟ್ಟು ಹಾಕಿದವರದ್ದು ಬಂದಿರುವುದಿಲ್ಲ. ಎಲ್ಲರ ಹೆಸರೂ ಬರಲಿ. ಆಧಾರ್ ಕಾರ್ಡಿನಲ್ಲಿರುವ ಹೆಸರನ್ನು ಕನ್ನಡದಲ್ಲಿ ಅವರಿಂದಲೇ ಬರೆಸಿಕೊಳ್ಳಿ. ಮುಂದೆ ಪ್ರಶಸ್ತಿಗೆ ಅರ್ಜಿ ಹಾಕುವಾಗ ಇದು ಬೇಕಾಗುತ್ತದೆ.

ಮುಳುಗಿದವರ ಶವ ಹುಡುಕಿ ತೆಗೆಯುವವರ ವಿಷಯ ಬೇರೆ. ಆ ಕೆಲಸಕ್ಕೆ ಕರೆದರೆ ಬರುವವರು ಕಡಿಮೆ. ಅವರಿಗೆ ಗೌರವ ಖಂಡಿತ ಸಲ್ಲಬೇಕು. ಆದರೆ ಸತ್ತವರ ಹೆಸರು, ಊರು, ವಿಡಿಯೊ ಯಾವುದೂ ಬೇಡ. ಆ ಮನೆಯವರನ್ನು ವೇದಿಕೆಗೆ ಕರೆಯಲೇಬೇಡಿ. ಎಷ್ಟು ವರ್ಷದಿಂದ ಮಾಡುತ್ತಿದ್ದಾರೆ, ಯಾವ ಹೊಳೆಗಳಲ್ಲಿ, ಪೊಲೀಸರು ಕರೆದಾಗ ಹೇಗೆ ಹೊರಡುತ್ತಾರೆ, ಇಷ್ಟು ಬರೆದರೆ ಸಾಕು.

ಬರೆದ ಮೇಲೆ ಅವರಿಗೇ ಓದಿ ಹೇಳಿ. ತಪ್ಪಿದ್ದರೆ ತಿದ್ದುತ್ತಾರೆ. ಆಮೇಲೆ ಲೇಸರ್ ಪ್ರಿಂಟ್ ಮಾಡಿಸಿ. ಇಂಕ್‌ಜೆಟ್ಟಿನಲ್ಲಿ ಮಾಡಿಸಿದ್ದು ಒದ್ದೆ ತಾಗಿದರೆ ಹರಡುತ್ತದೆ. ನಮ್ಮ ಮಳೆಗಾಲಕ್ಕೆ ಗೋಡೆಯ ಫ್ರೇಮಿಗೂ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಲ್ಯಾಮಿನೇಷನ್ ಇರಲಿ. ಸ್ಟಿಕ್ಕರ್ ಅಂಟಿಸಿದ ಅಕ್ರಿಲಿಕ್ ಫಲಕ ತರಬೇಡಿ. ಥಂಡಿಗೆ ಸ್ಟಿಕ್ಕರ್ ಎದ್ದು ಬರುತ್ತದೆ.

4. ಏನು ಕೊಡಬೇಕು

ಹಾರ, ಪೇಟ, ಹಣ್ಣಿನ ಬುಟ್ಟಿಯ ಖರ್ಚನ್ನು ಲೆಕ್ಕ ಹಾಕಿ ನೋಡಿ. ಅದೇ ದುಡ್ಡಿಗೆ ಮುಂದಿನ ಮಳೆಗೆ ಬೇಕಾದ ಸಾಮಾನು ಬರುತ್ತದೆ. ಒಂದು ಶಾಲು ಇರಲಿ, ಉಳಿದದ್ದು ಉಪಯೋಗಕ್ಕೆ ಬರಲಿ.

ಈಜುಗಾರರ ತಂಡಕ್ಕೆ ಲೈಫ್ ಜಾಕೆಟ್ ಕೊಡಬಹುದು. ಆಟಿಕೆ ಅಂಗಡಿಯ ತೆಳು ಸ್ಪಾಂಜಿನ ಕಿತ್ತಳೆ ಜಾಕೆಟ್ ಮಾತ್ರ ಬೇಡವೇ ಬೇಡ. ಲೇಬಲ್ಲಿನಲ್ಲಿ ತೇಲಿಸುವ ಶಕ್ತಿಯನ್ನು ನ್ಯೂಟನ್ ಲೆಕ್ಕದಲ್ಲಿ ಬರೆದಿರಬೇಕು. 50 ನ್ಯೂಟನ್ನಿನದು ಈಜು ಬಲ್ಲವರಿಗೆ ಮಾತ್ರ. ಈಜು ಬಾರದವರಿಗೂ ತೊಡಿಸಬೇಕೆಂದರೆ 100 ಆದರೂ ಇರಲಿ. ಎಸೆಯುವ ಹಗ್ಗಕ್ಕೆ ಪಾಲಿಪ್ರೊಪಿಲೀನ್ ಒಳ್ಳೆಯದು, ಅದು ನೀರಿನ ಮೇಲೆ ತೇಲುತ್ತದೆ. ನೈಲಾನ್ ಮುಳುಗುತ್ತದೆ. ಹೊಳೆಗೆ ಇಳಿಯುವವರಿಗೆ ಗಂಬೂಟು ಕೊಡಬೇಡಿ, ಒಳಗೆ ನೀರು ತುಂಬಿದರೆ ಕಾಲು ಎತ್ತುವುದೇ ಕಷ್ಟ. ನೀರು ಹೋಗದ ಹಣೆಬ್ಯಾಟರಿ ಎಲ್ಲರಿಗೂ ಆಗುತ್ತದೆ. ಪವರ್‌ಮ್ಯಾನ್‌ಗಳಿಗೆ ಪೇಟೆಯಿಂದ ರಬ್ಬರ್ ಗ್ಲೌಸ್ ತಂದುಕೊಡಬೇಡಿ. ಪರೀಕ್ಷೆಯಾಗದ ಗ್ಲೌಸ್ ನಂಬಿ ಲೈನ್ ಮುಟ್ಟಿದರೆ ಅಪಾಯ.

ಇನ್ನೊಂದು ಕೆಲಸ ಮಾಡಿ. ಪ್ರಧಾನಮಂತ್ರಿ ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವಾದರೆ 2 ಲಕ್ಷ ರೂಪಾಯಿ ಸಿಗುತ್ತದೆ. 18ರಿಂದ 70 ವರ್ಷದವರು ಸೇರಬಹುದು. ಜೂನ್ 1ಕ್ಕೆ ಶುರುವಾಗುವುದರಿಂದ ಮಳೆಗಾಲಕ್ಕೆ ಸರಿಹೊಂದುತ್ತದೆ. ದುಡ್ಡು ಅವರ ಖಾತೆಯಿಂದಲೇ ಕಡಿತವಾಗಬೇಕು. ಹಾಗಾಗಿ ಜತೆಗೆ ಬ್ಯಾಂಕಿಗೆ ಹೋಗಿ ಫಾರಂ ತುಂಬಿಸಿಕೊಟ್ಟು ಬನ್ನಿ. ಊರಿಗಾಗಿ ನೀರಿಗೆ ಇಳಿಯುವವರಲ್ಲಿ ಎಷ್ಟು ಜನರಿಗೆ ಇದಿಲ್ಲ ಅಂತ ವಿಚಾರಿಸಿದರೆ ಸಂಕಟವಾಗುತ್ತದೆ.

5. ಕಾರ್ಯಕ್ರಮ

ಭೂಮಿ ಹುಣ್ಣಿಮೆಯ ಆಸುಪಾಸಿನಲ್ಲಿ ಇಟ್ಟುಕೊಳ್ಳಿ. ಮಳೆ ಕಡಿಮೆಯಾಗಿರುತ್ತದೆ, ಅಡಿಕೆ ಕೊಯ್ಲಿನ ಗಡಿಬಿಡಿ ಪೂರ್ತಿ ಶುರುವಾಗಿರುವುದಿಲ್ಲ. ಅಕ್ಟೋಬರ್ 13 ಅಂತರರಾಷ್ಟ್ರೀಯ ವಿಪತ್ತು ತಗ್ಗಿಸುವ ದಿನವೂ ಹೌದು. ಸನ್ಮಾನ ಮೊದಲು, ಭಾಷಣ ಆಮೇಲೆ. ಅತಿಥಿ ತಡವಾದರೆ ಕಾಯಬೇಡಿ.

6. ಸರ್ಕಾರದ ಪ್ರಶಸ್ತಿಗೆ ಕಳಿಸಿ

ಮೂರನೇ ಹಂತ ಸರಿಯಾಗಿ ಮಾಡಿದ್ದರೆ ಅರ್ಜಿಯ ಮುಕ್ಕಾಲು ಭಾಗ ಆಗಲೇ ಸಿದ್ಧ. ಗೊತ್ತಿರಬೇಕಾದ್ದು ಮುಖ್ಯವಾಗಿ ಎರಡು.

ಒಬ್ಬರ ಜೀವ ಉಳಿಸಿದ ಸಾಹಸಕ್ಕೆ ಜೀವನ್ ರಕ್ಷಾ ಪದಕ ಇದೆ. ಸರ್ವೋತ್ತಮ, ಉತ್ತಮ ಮತ್ತು ಜೀವನ್ ರಕ್ಷಾ ಪದಕ ಅಂತ ಮೂರು ದರ್ಜೆ. ನೀರಿನಲ್ಲಿ ಮುಳುಗುವುದು, ಬೆಂಕಿ, ಕರೆಂಟು, ಭೂಕುಸಿತ, ಪ್ರಾಣಿ ದಾಳಿ ಎಲ್ಲವೂ ಇದರಲ್ಲಿ ಬರುತ್ತದೆ. ಮರಣೋತ್ತರವಾಗಿಯೂ ಕೊಡುತ್ತಾರೆ. ರಾಜ್ಯ ಸರ್ಕಾರದ ಶಿಫಾರಸಿನ ಮೂಲಕ ಹೋಗುವುದರಿಂದ ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ಪೊಲೀಸ್, ಅಗ್ನಿಶಾಮಕ ಸಿಬ್ಬಂದಿ ಕರ್ತವ್ಯದ ಭಾಗವಾಗಿ ಮಾಡಿದ್ದಕ್ಕೆ ಇದು ಬರುವುದಿಲ್ಲ. ಹಳೇ ಘಟನೆಗಳನ್ನು ಪರಿಗಣಿಸುವುದಿಲ್ಲ, ಆದ್ದರಿಂದ ಅದೇ ವರ್ಷ ಕಳಿಸಿ.

ಮುಂಜಾಗ್ರತೆ, ತರಬೇತಿ, ಪರಿಹಾರ, ಪುನರ್ವಸತಿಯಂಥ ಕೆಲಸಕ್ಕೆ ಸುಭಾಷ್ ಚಂದ್ರ ಬೋಸ್ ಆಪದಾ ಪ್ರಬಂಧನ್ ಪುರಸ್ಕಾರ. ಪ್ರತಿ ವರ್ಷ ಜನವರಿ 23ರಂದು ಪ್ರಕಟಿಸುತ್ತಾರೆ. ವ್ಯಕ್ತಿಗೆ 5 ಲಕ್ಷ, ಸಂಸ್ಥೆಗೆ 51 ಲಕ್ಷ ರೂಪಾಯಿ. ಸಂಸ್ಥೆ ಆ ಹಣವನ್ನು ವಿಪತ್ತು ನಿರ್ವಹಣೆಯ ಕೆಲಸಕ್ಕೇ ಬಳಸಬೇಕು. ಅರ್ಜಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಆನ್‌ಲೈನ್.

'ಇಷ್ಟು ಸಾವಿರ ನೋಂದಣಿ ಶುಲ್ಕ ಕಟ್ಟಿ, ಬೆಂಗಳೂರಿನಲ್ಲಿ ಪ್ರಶಸ್ತಿ ಕೊಡುತ್ತೇವೆ' ಅಂತ ಫೋನ್ ಬಂದರೆ ಇಟ್ಟುಬಿಡಿ. ದುಡ್ಡು ಕೇಳುವ ಪ್ರಶಸ್ತಿ ಯಾರಿಗೂ ಬೇಡ.

ಕೊನೆಗೆ, ಪತ್ರಗಳ ಒಂದೊಂದು ಪ್ರತಿಯನ್ನು ಗ್ರಾಮ ಪಂಚಾಯ್ತಿಗೂ ತಹಶೀಲ್ದಾರ್ ಕಚೇರಿಗೂ ಕೊಟ್ಟು ಸ್ವೀಕೃತಿ ತಗೊಳ್ಳಿ. ಒಪ್ಪಿದವರ ಫೋನ್ ನಂಬರ್, ಯಾರಿಗೆ ಯಾವ ಕೆಲಸ ಗೊತ್ತು, ಯಾರ ಹತ್ತಿರ ದೋಣಿ, ಹಗ್ಗ, ಮರ ಕೊಯ್ಯುವ ಯಂತ್ರ ಇದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಜತೆಗೆ ಲಗತ್ತಿಸಿ. ಮೇ ತಿಂಗಳಲ್ಲಿ ಆ ಹಾಳೆಯನ್ನು ಮತ್ತೆ ತೆಗೆದು ನಂಬರ್ ಬದಲಾಗಿದ್ದರೆ ತಿದ್ದಿ, ತುರ್ತು ಕರೆಯ ನಂಬರ್ 112ರ ಜತೆಗೆ ಪಂಚಾಯ್ತಿ ಬೋರ್ಡಿಗೆ ಅಂಟಿಸಿ.