ಬಿಸಿಯಾದರೆ ನಿಲ್ಲುವ ಪದ್ಮಿನಿ

ನಮ್ಮ ಪದ್ಮಿನಿ 1986ರ ಕಾರು. ಮಾವನವರ ಕಾಲದ್ದು. ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿ, ಈಗ ಹತ್ತಿರದ ಮುಲುಂಡಿನಲ್ಲಿ ನಮ್ಮ ಬಿಲ್ಡಿಂಗ್ ಕೆಳಗೆ ನಿಂತಿದೆ. 1089 ಸಿ.ಸಿ. ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಈ ಊರಿನಲ್ಲಿ ಮೊದಲೆಲ್ಲ ಇದರ ಮೆಕ್ಯಾನಿಕ್ ಹುಡುಕುವ ಪ್ರಮೇಯವೇ ಇರಲಿಲ್ಲ, ಗಲ್ಲಿಗೊಬ್ಬ ಸಿಗುತ್ತಿದ್ದ. 2023ರ ಅಕ್ಟೋಬರಿನಲ್ಲಿ ಕಾಲಿ-ಪೀಲಿ (ಕಪ್ಪು-ಹಳದಿ) ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಇಳಿದವು. ಇದನ್ನು ಬಲ್ಲ ಮೆಕ್ಯಾನಿಕ್‌ಗಳೂ ಒಬ್ಬೊಬ್ಬರೇ ತಮ್ಮ ಊರು ಸೇರಿದರು.

ಸರಿಯಾಗಿ ಆಗಲೇ ನಮ್ಮ ಗಾಡಿಗೆ ರೋಗ ಹಿಡಿಯಿತು. ಮನೆಯಿಂದ ಹೊರಟಾಗ ಚೆನ್ನಾಗಿಯೇ ಓಡುತ್ತದೆ. ಅರ್ಧ ಮುಕ್ಕಾಲು ಗಂಟೆ ಕಳೆದು ಸಾಯನ್ ಹತ್ತಿರ ಬರುವಾಗ ಕೆಮ್ಮುತ್ತದೆ, ಸಿಗ್ನಲ್‌ನಲ್ಲಿ ಸತ್ತೇ ಹೋಗುತ್ತದೆ. ಇಪ್ಪತ್ತು ನಿಮಿಷ ತಣ್ಣಗಾದರೆ ಏನೂ ಆಗದ ಹಾಗೆ ಚಾಲು. ಮೊದಲನೆಯವನು 'ಪೆಟ್ರೋಲ್ ಪಂಪು' ಅಂದ, ಕಿಟ್ ಬದಲಾಯಿಸಿದ. ಎರಡನೆಯವನು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆದ. ಮೂರನೆಯವನು ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಹೊಸದು ಹಾಕಿದ. ಆರು ಸಾವಿರ ಹೋಯಿತು, ರೋಗ ಹೋಗಲಿಲ್ಲ. ಮೂವರೂ ಗಾಡಿ ತಣ್ಣಗಿದ್ದಾಗ ನೋಡಿದವರು. ಜ್ವರ ಇಳಿದ ಮೇಲೆ ನಾಡಿ ಹಿಡಿದ ಹಾಗೆ.

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು, ಎಂಜಿನಿಯರ್ ಅಲ್ಲ. ಆದರೆ ಇಷ್ಟು ಗೊತ್ತಿತ್ತು: ಈ ಎಂಜಿನ್ ನಿಂತಿತು ಅಂದರೆ ಒಂದೋ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ. ಯಾವುದು ಅಂತ ನಿಂತ ಜಾಗದಲ್ಲೇ, ನಿಂತ ಗಳಿಗೆಯಲ್ಲೇ ನೋಡಬೇಕು. ಹಾಗಾಗಿ ಮುಂದಿನ ಸಲ ಬೇಕೆಂದೇ ಮಧ್ಯಾಹ್ನದ ಬಿಸಿಲಲ್ಲಿ ಹೊರಟೆ, ಹೆಂಡತಿಯನ್ನೂ ಕೂರಿಸಿಕೊಂಡು. ನಿರೀಕ್ಷೆಯಂತೆ ಸಾಯನ್‌ನಲ್ಲಿ ನಿಂತಿತು.

ಬದಿಗೆ ತಳ್ಳಿ ಬಾನೆಟ್ ಎತ್ತಿದೆ. ಪ್ಲಗ್‌ಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿಗೆ ಇಲ್ಲಿಯ ಮೆಕ್ಯಾನಿಕ್‌ಗಳು ಡೆಲ್ಕೋ ಅನ್ನುತ್ತಾರೆ. ಅದರ ಮುಚ್ಚಳದ ನಡುವಿನ ದಪ್ಪ ವೈರು ಎಳೆದು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿಯನ್ನು ಎಂಜಿನ್ ಕಬ್ಬಿಣದಿಂದ ಕಾಲು ಇಂಚು ದೂರ ಇಟ್ಟೆ. ಅವಳು ಒಳಗಿಂದ ಸೆಲ್ಫ್ ಹೊಡೆದಳು. ಆರೋಗ್ಯದ ಕಿಡಿ ನೀಲಿ ಇರುತ್ತದೆ, ಟಕ್ ಟಕ್ ಅಂತ ಸದ್ದು ಕೇಳುತ್ತದೆ. ನಮ್ಮದು ನೂಲಿನಷ್ಟು ತೆಳ್ಳಗೆ, ಹಳದಿ. ಎರಡು ಸಲ ಹಾರಿ ಅದೂ ಇಲ್ಲ. (ಈ ಪರೀಕ್ಷೆ ಮಾಡುವಾಗ ಹತ್ತಿರದಲ್ಲಿ ಪೆಟ್ರೋಲ್ ಸೋರುತ್ತಿರಬಾರದು, ಬರಿಗೈಯಲ್ಲಿ ವೈರು ಹಿಡಿಯಬಾರದು.)

"ಅಯ್ಯೋ, ಇಷ್ಟು ದಿನ ಪಂಪಿಗೆ ಸುಮ್ಮನೆ ಬೈದ್ರಲ್ಲ" ಅಂದಳು.

ಹೊಸ ಕಾಯಿಲ್ ಇದ್ದೂ ಕಿಡಿ ಸೊರಗಿದೆ ಅಂದರೆ ಉಳಿದದ್ದು ಡೆಲ್ಕೋ ಒಳಗಿನ ಸಿ.ಬಿ. ಪಾಯಿಂಟು (ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್ಚು) ಮತ್ತು ಅದರ ಜೋಡಿ ಕಂಡೆನ್ಸರ್. ಪಾಯಿಂಟು ತೆರೆದುಕೊಂಡ ಕ್ಷಣ ಕಾಯಿಲ್‌ಗೆ ಹೋಗುವ ಕರೆಂಟು ಪಟ್ಟನೆ ಕಡಿಯಬೇಕು, ಆಗಲೇ ಪ್ಲಗ್‌ಗೆ ಬೇಕಾದ ಸಾವಿರಾರು ವೋಲ್ಟ್ ಹುಟ್ಟುವುದು. ಕಂಡೆನ್ಸರ್ ಆ ಕ್ಷಣದ ನೂಕುಬಲವನ್ನು ನುಂಗಿಕೊಳ್ಳದಿದ್ದರೆ ಕಿಡಿ ಪಾಯಿಂಟಿನಲ್ಲೇ ಹಾರಿ ಹಾಳಾಗುತ್ತದೆ. ಕೆಟ್ಟ ಕಂಡೆನ್ಸರ್ ತಣ್ಣಗಿದ್ದಾಗ ನಾಟಕ ಆಡಿಕೊಂಡಿದ್ದು, ಕಾದ ಮೇಲೆ ಕೈಕೊಡುತ್ತದೆ.

ಕುರ್ಲಾದ ಸಿ.ಎಸ್.ಟಿ. ರೋಡಿಗೆ ಹೋಗಿ ಪಾಯಿಂಟ್ ಸೆಟ್ ಒಂದು, ಕಂಡೆನ್ಸರ್ ಎರಡು ತಂದೆ. ಎರಡು ಯಾಕೆಂದರೆ ಈಗ ಬರುವ ಹೊಸ ಮಾಲಿನ ಮೇಲೆ ನನಗೆ ನಂಬಿಕೆಯಿಲ್ಲ. ಎಲ್ಲ ಸೇರಿ ಐನೂರರ ಒಳಗೆ.

ಭಾನುವಾರ ಬೆಳಗ್ಗೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲಸಕ್ಕೆ ಕೂತೆ. ಮುಚ್ಚಳದ ಎರಡು ಕ್ಲಿಪ್ ಸರಿಸಿ, ವೈರುಗಳನ್ನು ಕೀಳದೆ ಮುಚ್ಚಳವನ್ನು ಪಕ್ಕಕ್ಕೆ ವಾಲಿಸಿಟ್ಟೆ. ಕಿತ್ತರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ 1-3-4-2 ಕ್ರಮ ತಪ್ಪುವ ಭಯ. ಒಳಗೆ ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಗೋಪುರ, ಸುತ್ತ ನೀಲಿ ಕರಕಲು. ಕಂಡೆನ್ಸರ್ ಕೆಟ್ಟದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅಷ್ಟರಲ್ಲಿ ಬೆವರಿನ ಕೈಯಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡ ಸ್ಕ್ರೂ ಜಾರಿ ಡೆಲ್ಕೋ ಹೊಟ್ಟೆಗೆ ಬಿತ್ತು. ಅದನ್ನು ಅಲ್ಲೇ ಬಿಟ್ಟು ಎಂಜಿನ್ ತಿರುಗಿಸಿದರೆ ಮುಗಿಯಿತು ಕಥೆ. ಅಡುಗೆಮನೆಯ ಫ್ರಿಜ್ ಮೇಲಿದ್ದ ಗಣಪತಿ ಮ್ಯಾಗ್ನೆಟ್ ಕಿತ್ತು ತಂದು, ಸ್ಕ್ರೂಡ್ರೈವರ್ ತುದಿಗೆ ಉಜ್ಜಿ, ಅರ್ಧ ಗಂಟೆ ಮೀನು ಹಿಡಿದ ಹಾಗೆ ಹಿಡಿದೆ. ಆಮೇಲಿಂದ ಸ್ಕ್ರೂ ಬಿಚ್ಚುವ ಮೊದಲೇ ಒಳಗೆ ಬಟ್ಟೆ ತುರುಕುತ್ತೇನೆ.

ಪಾಯಿಂಟಿನ ಎರಡು ಮುಖಗಳ ನಡುವೆ ಸರಿಯಾದ ಗ್ಯಾಪ್ ಇಡುವುದೇ ನಿಜವಾದ ಕೆಲಸ. ಎಂಜಿನ್ ನಿಧಾನವಾಗಿ ತಿರುಗಲೆಂದು ನಾಲ್ಕನೇ ಗೇರಿಗೆ ಹಾಕಿ, ಪಕ್ಕದ ಮನೆಯ ಹುಡುಗನಿಂದ ಗಾಡಿಯನ್ನು ಅಂಗುಲ ಅಂಗುಲ ತಳ್ಳಿಸಿದೆ. "ಅಂಕಲ್, ಸಾಕಾ?" "ಇನ್ನೊಂಚೂರು... ಹಾಂ, ನಿಲ್ಸು." ಡೆಲ್ಕೋ ನಡುವೆ ತಿರುಗುವ ಕ್ಯಾಮ್‌ನ ಏಣು ಪಾಯಿಂಟಿನ ಫೈಬರ್ ಹಿಮ್ಮಡಿಯನ್ನು ಪೂರ್ತಿ ಎತ್ತಿದಾಗ 0.45 ಮಿ.ಮೀ. ಫೀಲರ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಒಳಗೆ ತೂರಿಸಿದೆ. ಬಿಗಿಯೂ ಇರಬಾರದು, ಸಡಿಲವೂ ಇರಬಾರದು. ಬೆಣ್ಣೆ ಹಚ್ಚಿದ ಕಾಗದ ಎಳೆದ ಹಾಗೆ ಬರಬೇಕು. ಸ್ಕ್ರೂ ಬಿಗಿ ಮಾಡುವಾಗ ಗ್ಯಾಪ್ ಮತ್ತೆ ಅಲುಗುತ್ತದೆ. ನಾಲ್ಕು ಸಲ ಮಾಡಿದೆ. ಫೈಬರಿಗೆ ಬೆಂಕಿಕಡ್ಡಿ ತುದಿಯಷ್ಟು ಗ್ರೀಸ್, ಹೆಚ್ಚಾದರೆ ಸಿಡಿದು ಪಾಯಿಂಟಿಗೆ ಹತ್ತುತ್ತದೆ. ಗ್ಯಾಪ್ ಬದಲಾದರೆ ಟೈಮಿಂಗೂ, ಅಂದರೆ ಕಿಡಿ ಹಾರುವ ಗಳಿಗೆಯೂ ಬದಲಾಗುತ್ತದೆ. ಅದನ್ನು 12 ವೋಲ್ಟ್ ಬಲ್ಬ್ ಕಟ್ಟಿ ನೋಡಿಕೊಂಡೆ. ಕಂಡೆನ್ಸರ್‌ಗೆ ಒಂದು ಸ್ಕ್ರೂ, ಒಂದು ವೈರು, ಎರಡು ನಿಮಿಷ.

ಸಾಯನ್ ದಾಟಿ ಮಾಟುಂಗಾಕ್ಕೆ ಹೋಗಿ ಬನ್ಸ್ ತಿಂದು ಬಂದೆವು. ಎಲ್ಲೂ ನಿಲ್ಲಲಿಲ್ಲ.

ಆ ಧೈರ್ಯದಲ್ಲಿ ಪೆಟ್ರೋಲ್ ಪೈಪುಗಳನ್ನೂ ನಾನೇ ಬದಲಾಯಿಸಿದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತದ್ದು, ಹಳೇ ರಬ್ಬರ್ ಅದಕ್ಕೆ ಉಬ್ಬಿ ಬಿರುಕು ಬಿಡುತ್ತದೆ. ಬ್ರೇಕ್ ಮಾತ್ರ ಮುಟ್ಟುವುದಿಲ್ಲ. ನಾಲ್ಕೂ ಡ್ರಮ್ ಬ್ರೇಕ್. ವ್ಹೀಲ್ ಸಿಲಿಂಡರ್ ಸೋರಿದರೆ ಹಳೇ ಟ್ಯಾಕ್ಸಿ ಮಿಸ್ತ್ರಿಯೊಬ್ಬರಿದ್ದಾರೆ, ಅವರ ಮುಂದೆಯೇ ಹೋಗಿ ನಿಲ್ಲುತ್ತೇನೆ.

ಮೊನ್ನೆ ಏಪ್ರಿಲ್‌ನಲ್ಲಿ ಲೋನಾವಳಕ್ಕೆ ಹೊರಟಿದ್ದೆವು. ಖಂಡಾಲಾ ಘಾಟಿಯ ಏರಿನಲ್ಲಿ ಲಾರಿಗಳ ಹಿಂದೆ ತೆವಳುತ್ತಾ ಗಾಡಿ ಮತ್ತೆ ಕೆಮ್ಮಿ ನಿಂತಿತು. ಎದೆ ಧಸಕ್ ಅಂದಿತು. ಇಳಿದು ಅದೇ ವೈರು ಎಳೆದು ನೋಡಿದೆ: ಕಿಡಿ ನೀಲಿ, ದಪ್ಪ, ಟಕ್ ಟಕ್. ಹಾಗಾದರೆ ಈ ಸಲ ಪೆಟ್ರೋಲೇ. ಬಿಸಿಗೆ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಕಟ್ಟಿಕೊಂಡಿತ್ತು. ಟವಲ್ಲು ಒದ್ದೆ ಮಾಡಿ ಪಂಪಿನ ಮೇಲೆ ಹೊದಿಸಿ, ಹೆಂಡತಿ ತಂದಿದ್ದ ಚಕ್ಕುಲಿ ತಿನ್ನುತ್ತಾ ಕಾಲು ಗಂಟೆ ಕಟ್ಟೆಯ ಮೇಲೆ ಕೂತೆವು. ಎರಡನೇ ಸೆಲ್ಫಿಗೆ ಚಾಲು ಆಯಿತು.