ಲ್ಯಾಪ್‌ಟಾಪಿನ ಚಿತ್ರ ಟಿವಿಯಲ್ಲಿ ಪೂರ್ತಿ ಸ್ಪಷ್ಟವಾಗಿ ಬರಬೇಕಾದರೆ

ಲ್ಯಾಪ್‌ಟಾಪಿಗೂ ಟಿವಿಗೂ ನಡುವೆ ಒಂದು ವೈರ್ ಸಿಕ್ಕಿಸಿ, ಚಿತ್ರ ಬಂದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಆಮೇಲೆ ನೋಡಿದರೆ ಅಕ್ಷರದ ಅಂಚು ಮಸುಕು, ಕೆಳಗಿನ ಟಾಸ್ಕ್‌ಬಾರ್ ಅರ್ಧ ಕಾಣುವುದಿಲ್ಲ, ಮೌಸಿನ ಬಾಣ ತಡೆತಡೆದು ಓಡುತ್ತದೆ. ಟಿವಿಯೇ ಸರಿ ಇಲ್ಲವೆಂದೋ, ಇನ್ನೂ ದುಬಾರಿ ಕೇಬಲ್ ತರಬೇಕೆಂದೋ ತೀರ್ಮಾನ ಆಗಿಬಿಡುತ್ತದೆ. ಹೆಚ್ಚಿನ ಸಲ ಎರಡೂ ಕಾರಣವಲ್ಲ. ತೋಟಕ್ಕೆ ಹೊಳೆಯಿಂದ ನೀರು ಹೊಡೆಯುವಾಗ ಎರಡೂವರೆ ಇಂಚಿನ ಪೈಪ್‌ಲೈನಿನ ನಡುವೆ ಎಲ್ಲೋ ಒಂದಿಂಚಿನ ತುಂಡು ಸೇರಿಕೊಂಡರೆ ಸ್ಪ್ರಿಂಕ್ಲರಿಗೆ ಸಿಗುವುದು ಆ ತುಂಡು ಬಿಟ್ಟಷ್ಟೇ ನೀರು. ಇಲ್ಲಿಯೂ ಹಾಗೆಯೇ. ವಿಡಿಯೊ, ಲ್ಯಾಪ್‌ಟಾಪಿನ ಪೋರ್ಟ್ (ವೈರ್ ಸಿಕ್ಕಿಸುವ ಜಾಗ), ಕನ್ವರ್ಟರ್, ಕೇಬಲ್, ಟಿವಿಯ ಪೋರ್ಟ್, ಟಿವಿಯೊಳಗಿನ ಸೆಟ್ಟಿಂಗ್ ಇಷ್ಟರಲ್ಲಿ ಯಾವುದು ಕಡಿಮೆಯೋ ತೆರೆಗೆ ಬರುವುದು ಅಷ್ಟೇ. ದುಡ್ಡು ಬಿಚ್ಚುವ ಮೊದಲು ಆ ಕಿರಿದಾದ ಜಾಗ ಯಾವುದೆಂದು ಹುಡುಕಿ.

ಮೊದಲು ನಿಮ್ಮ ಟಿವಿ ಎಷ್ಟರದ್ದು ಎಂದು ತಿಳಿದುಕೊಳ್ಳಿ. 32 ಇಂಚಿನ ಅನೇಕ ಟಿವಿಗಳು ‘ಎಚ್‌ಡಿ ರೆಡಿ’, ಅಂದರೆ ಪರದೆಯಲ್ಲಿ ಇರುವುದೇ 1366×768 ಚುಕ್ಕಿ. ಫುಲ್ ಎಚ್‌ಡಿ ಅಂದರೆ 1920×1080, 4ಕೆ ಅಂದರೆ 3840×2160. ಎಚ್‌ಡಿ ರೆಡಿ ಟಿವಿ 1080ರ ಸಿಗ್ನಲ್ಲನ್ನೂ ತೆಗೆದುಕೊಳ್ಳುತ್ತದೆ, ಆದರೆ ಒಳಗೆ ಕುಗ್ಗಿಸಿ ತೋರಿಸುತ್ತದೆ. ಸಿನಿಮಾಕ್ಕೆ ಅಡ್ಡಿಯಿಲ್ಲ, ಓದಲು ಕಷ್ಟ. ಅಂಥ ಟಿವಿಗೆ ಲ್ಯಾಪ್‌ಟಾಪಿನ ರೆಸಲ್ಯೂಶನ್ (ಚುಕ್ಕಿಗಳ ಲೆಕ್ಕ) ಪಟ್ಟಿಯಲ್ಲಿ 1366×768 ಅಥವಾ 1360×768 ಇದ್ದರೆ ಅದನ್ನೇ ಆರಿಸಿ, ಅಕ್ಷರ ಸ್ಪಷ್ಟವಾಗಿ ನಿಲ್ಲುತ್ತದೆ. ಮಾಡೆಲ್ ನಂಬರ್ ಟಿವಿಯ ಬೆನ್ನಿನ ಸ್ಟಿಕ್ಕರಿನ ಮೇಲಿರುತ್ತದೆ. ಟಾರ್ಚ್ ಹಿಡಿದು ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಅದೇ ಹೊತ್ತಿಗೆ ಪೋರ್ಟುಗಳ ಪಕ್ಕದ ಬರಹವನ್ನೂ ನೋಡಿ. ‘ಎಆರ್‌ಸಿ’ ಎಂದು ಬರೆದ, ಟಿವಿಯ ಧ್ವನಿಯನ್ನು ಹೊರಗೆ ಕಳಿಸುವ ಪೋರ್ಟನ್ನು ಸೌಂಡ್‌ಬಾರಿಗೆ ಬಿಡಿ. ‘4ಕೆ 60’ (4ಕೆ ಚಿತ್ರ ಸೆಕೆಂಡಿಗೆ 60 ಸಲ) ಎಂದು ಗುರುತಿರುವುದು ಲ್ಯಾಪ್‌ಟಾಪಿಗೆ. ಕೆಲವು ಟಿವಿಗಳಲ್ಲಿ ಎಲ್ಲ ಪೋರ್ಟುಗಳಿಗೂ ಒಂದೇ ಶಕ್ತಿ ಇರುವುದಿಲ್ಲ.

ಇನ್ನು ಲ್ಯಾಪ್‌ಟಾಪಿನ ಕಡೆ. ಚಿತ್ರ, ಧ್ವನಿ ಎರಡನ್ನೂ ಒಂದೇ ವೈರಿನಲ್ಲಿ ಕಳಿಸುವ ಎಚ್‌ಡಿಎಂಐ ಪೋರ್ಟ್ ಇದ್ದರೆ ಸುಲಭ. ಆದರೆ ಹಳೆಯ ಲ್ಯಾಪ್‌ಟಾಪುಗಳಲ್ಲಿ ಇರುವುದು ಎಚ್‌ಡಿಎಂಐ 1.4. ಅದು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. 60 ಸಲ ಬೇಕಾದರೆ 2.0 ಇರಬೇಕು, ಅದು ಬಂದದ್ದು 2013ರಲ್ಲಿ, ಲ್ಯಾಪ್‌ಟಾಪುಗಳಿಗೆ ಹಬ್ಬಲು ಇನ್ನೂ ಕೆಲವು ವರ್ಷ ಹಿಡಿಯಿತು. ತೆಳ್ಳಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಇಲ್ಲದೆ ಬರೀ ಟೈಪ್-ಸಿ ಇರುತ್ತದೆ. ಎಲ್ಲ ಟೈಪ್-ಸಿಯಲ್ಲೂ ಚಿತ್ರ ಬರುವುದಿಲ್ಲ ಎನ್ನುವುದನ್ನು ಮರೆಯಬೇಡಿ. ಪೋರ್ಟಿನ ಪಕ್ಕ ಥಂಡರ್‌ಬೋಲ್ಟಿನ ಮಿಂಚಿನ ಗುರುತೋ, ಡಿಸ್‌ಪ್ಲೇಪೋರ್ಟಿನ ಗುರುತೋ ಇದ್ದರೆ ಬರುತ್ತದೆ. ಗುರುತೇ ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಮಾಡೆಲ್ ಹಾಕಿ ನೋಡಿದ ಮೇಲೆಯೇ ಕನ್ವರ್ಟರ್ ಕೊಳ್ಳಿ. ಕನ್ವರ್ಟರಿನ ಡಬ್ಬಿಯ ಮೇಲೆ ಬರೀ ‘4ಕೆ’ ಎಂದು ದೊಡ್ಡದಾಗಿ ಇದ್ದರೆ ಸಾಲದು, ‘4ಕೆ 60 ಹರ್ಟ್ಸ್’ ಎಂದು ಬರೆದಿರಬೇಕು. ಅಗ್ಗದವು 30ಕ್ಕೇ ನಿಲ್ಲುತ್ತವೆ.

ಹದಿನೈದು ಪಿನ್ನಿನ, ನೀಲಿ ಬಣ್ಣದ ವಿಜಿಎ ಮಾತ್ರ ಇರುವ ಹಳೆಯ ಯಂತ್ರವಾದರೆ ‘ವಿಜಿಎ ಟು ಎಚ್‌ಡಿಎಂಐ’ ಕೇಳಿ ತನ್ನಿ. ‘ಎಚ್‌ಡಿಎಂಐ ಟು ವಿಜಿಎ’ ನೋಡಲು ಅಣ್ಣತಮ್ಮನ ಹಾಗಿದ್ದರೂ ಉಲ್ಟಾ ಕೆಲಸ ಮಾಡುವುದಿಲ್ಲ. ವಿಜಿಎಯಲ್ಲಿ ಧ್ವನಿ ಇಲ್ಲದ ಕಾರಣ ಕನ್ವರ್ಟರಿಗೆ ಆಡಿಯೊ ವೈರನ್ನೂ, ಕರೆಂಟಿಗೆ ಯುಎಸ್‌ಬಿಯನ್ನೂ ಸಿಕ್ಕಿಸಬೇಕು.

ಕೇಬಲಿನ ವಿಷಯದಲ್ಲಿ ಅಂಗಡಿಯವರ ‘ಗೋಲ್ಡ್ ಪ್ಲೇಟೆಡ್’ ಮಾತಿಗೆ ಮರುಳಾಗಬೇಡಿ. ಎಚ್‌ಡಿಎಂಐಯಲ್ಲಿ ಹೋಗುವುದು ಡಿಜಿಟಲ್ ಸಿಗ್ನಲ್, ಚಿನ್ನದ ಲೇಪದಿಂದ ಬಣ್ಣ ಹೆಚ್ಚು ಗಾಢವಾಗುವುದಿಲ್ಲ. ಕೇಬಲಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಬೆಳಕಿಗೆ ಹಿಡಿದು ಓದಿ. ‘ಹೈ ಸ್ಪೀಡ್’ ಇದ್ದರೆ ಫುಲ್ ಎಚ್‌ಡಿಗೆ ಧಾರಾಳ. 4ಕೆ 60ಕ್ಕೆ ‘ಪ್ರೀಮಿಯಂ ಹೈ ಸ್ಪೀಡ್’, ಅಂದರೆ ಸೆಕೆಂಡಿಗೆ 18 ಗಿಗಾಬಿಟ್ ಒಯ್ಯುವುದು. ‘ಅಲ್ಟ್ರಾ ಹೈ ಸ್ಪೀಡ್’ 48 ಗಿಗಾಬಿಟ್ಟಿನದು, ಮಾಮೂಲು ಮನೆಗೆ ಅಗತ್ಯವಿಲ್ಲ. ಉದ್ದ ಎರಡು ಮೀಟರ್ ಸಾಕಾದರೆ ಎರಡೇ ತನ್ನಿ. 4ಕೆಗೆ ಸಾಧಾರಣ ತಾಮ್ರದ ಕೇಬಲ್ ಐದು ಮೀಟರ್ ದಾಟಿದರೆ ಪರದೆ ಕ್ಷಣ ಕ್ಷಣಕ್ಕೆ ಕಪ್ಪಾಗುವುದು, ಬಿಳಿ ಚುಕ್ಕಿ ಮಿನುಗುವುದು ಶುರು. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ದೊಡ್ಡ ಹಜಾರದಲ್ಲಿ ಹತ್ತು ಮೀಟರ್ ಎಳೆಯಲೇಬೇಕೆಂದಾದರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಬೇಕು. ಅದಕ್ಕೆ ದಿಕ್ಕಿದೆ: ‘ಸೋರ್ಸ್’ ಎಂದಿರುವ ತುದಿ ಲ್ಯಾಪ್‌ಟಾಪಿಗೆ, ‘ಡಿಸ್‌ಪ್ಲೇ’ ಎಂದಿರುವುದು ಟಿವಿಗೆ. ಗೋಡೆಗೆ ಒತ್ತಿ ನೇತುಹಾಕಿದ ಟಿವಿಗೆ ನೇರ ಪ್ಲಗ್ ತುರುಕಿ ಬಗ್ಗಿಸಬೇಡಿ, ಒಳಗಿನ ಬೆಸುಗೆ ಬಿಟ್ಟುಹೋಗುತ್ತದೆ. ಎಲ್ ಆಕಾರದ ಕನೆಕ್ಟರ್ ಹಾಕಿ.

ಸಿಕ್ಕಿಸುವಾಗ ಎರಡೂ ಯಂತ್ರ ಆಫ್ ಇರಲಿ. ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಿಸಿಕೊಂಡವರು ಲೋಹದ ಮೈ ಮುಟ್ಟಿದಾಗ ಬೆರಳು ಜುಮ್ಮೆನ್ನುವುದನ್ನು ಗಮನಿಸಿರುತ್ತೀರಿ. ಅರ್ಥಿಂಗ್ ಇಲ್ಲದ ಆ ಕರೆಂಟು ಕೇಬಲಿನ ಲೋಹದ ಮೂತಿಯಿಂದ ಟಿವಿಗೆ ಹಾರಿದರೆ ಎಚ್‌ಡಿಎಂಐ ಪೋರ್ಟ್ ಸುಟ್ಟುಹೋಗಬಹುದು. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರನೆಯ ತೂತು ಇದ್ದರೂ ಹಿಂದೆ ಅರ್ಥ್ ವೈರೇ ಇಲ್ಲದಿರುವುದುಂಟು, ಎಲೆಕ್ಟ್ರಿಷಿಯನ್ ಬಂದಾಗ ಇದೊಂದನ್ನು ತೋರಿಸಿ ಸರಿ ಮಾಡಿಸಿಕೊಳ್ಳಿ. ಟಿವಿ, ಲ್ಯಾಪ್‌ಟಾಪ್, ಸೆಟ್‌ಟಾಪ್ ಬಾಕ್ಸ್ ಮೂರೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿರುವುದು ಒಳ್ಳೆಯದು.

ಟಿವಿ ಆನ್ ಮಾಡಿ, ರಿಮೋಟಿನಲ್ಲಿ ಸರಿಯಾದ ಎಚ್‌ಡಿಎಂಐ ಆರಿಸಿ, ಆಮೇಲೆ ಲ್ಯಾಪ್‌ಟಾಪ್. ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ಅಸ್ಪಷ್ಟತೆಗೆ ಅತಿ ದೊಡ್ಡ ಕಾರಣ ಇಲ್ಲೇ ಇದೆ. ‘ಡೂಪ್ಲಿಕೇಟ್’ ಇಟ್ಟರೆ ಎರಡು ಪರದೆಗೂ ಒಂದೇ ಅಳತೆ ಹೊಂದಬೇಕಾಗಿ, ಲ್ಯಾಪ್‌ಟಾಪಿನ 1366×768 ಅನ್ನೇ ದೊಡ್ಡ ಟಿವಿಗೂ ಹಿಗ್ಗಿಸಿ ಕೊಡುತ್ತದೆ. ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಹಾಕಿ. ಮುಂದೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಎಂದು ಹೋಗಿ ರೆಸಲ್ಯೂಶನ್ನಿನಲ್ಲಿ ಟಿವಿಯ ನಿಜ ಅಳತೆ ಆರಿಸಿ. ಅಕ್ಷರ ಇರುವೆಯಷ್ಟು ಸಣ್ಣದಾಯಿತೆಂದು ರೆಸಲ್ಯೂಶನ್ ಇಳಿಸುವವರಿದ್ದಾರೆ, ಹಾಗೆ ಮಾಡಬಾರದು. ಅದರ ಮೇಲೆಯೇ ಇರುವ ‘ಸ್ಕೇಲ್’ ಅನ್ನು 200 ಅಥವಾ 300 ಪರ್ಸೆಂಟಿಗೆ ಏರಿಸಿ, ಅಕ್ಷರ ದಪ್ಪವಾಗುತ್ತದೆ, ಚುರುಕೂ ಉಳಿಯುತ್ತದೆ.

ಅಲ್ಲೇ ಕೆಳಗೆ ‘ಅಡ್ವಾನ್ಸ್‌ಡ್ ಡಿಸ್‌ಪ್ಲೇ’ ತೆರೆದರೆ ‘ಡೆಸ್ಕ್‌ಟಾಪ್ ಮೋಡ್’, ‘ಆ್ಯಕ್ಟಿವ್ ಸಿಗ್ನಲ್ ಮೋಡ್’ ಎಂದು ಎರಡು ಸಾಲು ಕಾಣುತ್ತವೆ. ಎರಡರಲ್ಲೂ ಒಂದೇ ಅಂಕಿ ಇರಬೇಕು. ಮೊದಲನೆಯದು 1920×1080, ಎರಡನೆಯದು 3840×2160 ಎಂದಿದ್ದರೆ ಕೇಬಲಿನಲ್ಲಿ 4ಕೆ ಹೋಗುತ್ತಿದೆ, ಒಳಗಿನ ಚಿತ್ರ ಮಾತ್ರ ಸಣ್ಣದನ್ನು ಹಿಗ್ಗಿಸಿದ್ದು. ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೋಗುತ್ತದೆ ಎನ್ನುವುದು, 30 ಎಂದಿದ್ದರೆ 60ಕ್ಕೆ ಬದಲಿಸಿ ನೋಡಿ. ಪಟ್ಟಿಯಲ್ಲಿ 60 ಇಲ್ಲವೇ ಇಲ್ಲವೆಂದರೆ ಟಿವಿಯೊಳಗೆ ಆ ಪೋರ್ಟಿಗೆ ಬೀಗ ಹಾಕಿರಬಹುದು. ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’, ಸೋನಿಯಲ್ಲಿ ‘ಎನ್‌ಹಾನ್ಸ್‌ಡ್ ಫಾರ್ಮ್ಯಾಟ್’ ಎಂಬ ಹೆಸರಿನಲ್ಲಿ ಆ ಬೀಗ ತೆಗೆಯುವ ಸೆಟ್ಟಿಂಗ್ ಸಿಗುತ್ತದೆ, ಆನ್ ಮಾಡಿ. ಆಗಲೂ ಬಾರದಿದ್ದರೆ ಲ್ಯಾಪ್‌ಟಾಪಿನ ಪೋರ್ಟೋ ಕನ್ವರ್ಟರೋ 30ಕ್ಕೇ ನಿಲ್ಲುವಂಥದ್ದಿರಬಹುದು. ಅಂಥ ಕಡೆ ನನ್ನ ಸಲಹೆ: ಸಿನಿಮಾ ನೋಡಲು 4ಕೆ 30 ಇರಲಿ, ಸಿನಿಮಾ ಸೆಕೆಂಡಿಗೆ 24 ಚಿತ್ರದ್ದೇ. ಬೇಸಗೆಯಲ್ಲಿ ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿಯ ನೇರಪ್ರಸಾರ ನೋಡುವುದಾದರೆ 1080ಕ್ಕೆ ಇಳಿಸಿ 60 ಇಟ್ಟುಕೊಳ್ಳಿ. ಚೆಂಡು ಓಡುವುದು ಕಣ್ಣಿಗೆ ತಡೆಯಿಲ್ಲದೆ ಕಾಣಬೇಕಾದದ್ದು ಅಲ್ಲಿ ಮುಖ್ಯ.

ನಾಲ್ಕೂ ಅಂಚು ಕತ್ತರಿಸಿ ಹೋಗಿದ್ದರೆ ಅದು ಓವರ್‌ಸ್ಕ್ಯಾನ್. ಹಳೆಯ ಡಬ್ಬಿ ಟಿವಿಗಳ ಕಾಲದಲ್ಲಿ ಚಿತ್ರದ ಅಂಚು ಸೊಟ್ಟಗಿರುತ್ತಿದ್ದುದರಿಂದ ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು, ಆ ರೂಢಿ ಇನ್ನೂ ಉಳಿದಿದೆ. ಹಿಗ್ಗಿಸಿದಾಗ ಒಂದು ಚುಕ್ಕಿಗೆ ಒಂದು ಚುಕ್ಕಿ ಎಂಬ ಹೊಂದಿಕೆ ತಪ್ಪಿ ಇಡೀ ಚಿತ್ರವೇ ಮಸುಕಾಗುತ್ತದೆ. ಇದನ್ನು ಲ್ಯಾಪ್‌ಟಾಪಿನಲ್ಲಿ ಕುಗ್ಗಿಸಿ ಸರಿ ಮಾಡಲು ಹೋದರೆ ಮಸುಕು ಇಮ್ಮಡಿಯಾಗುತ್ತದೆ, ಮ್ಯಾಕ್‌ನ ‘ಅಂಡರ್‌ಸ್ಕ್ಯಾನ್’ ಕೂಡ ಅದೇ ಜಾತಿ. ಟಿವಿಯ ಪಿಕ್ಚರ್ ಸೈಜ್ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಫಿಟ್ ಟು ಸ್ಕ್ರೀನ್’, ‘ಫುಲ್ ಪಿಕ್ಸೆಲ್’, ‘ಡಾಟ್ ಬೈ ಡಾಟ್’ ಇವುಗಳಲ್ಲಿ ಯಾವುದಿದೆಯೋ ಅದನ್ನು ಆರಿಸಿ.

ಇನ್ನೊಂದು ಪರೀಕ್ಷೆ ಮಾಡಿ. ವರ್ಡ್‌ನಲ್ಲಿ ಕಪ್ಪು ಹಿನ್ನೆಲೆ ಕೊಟ್ಟು ಕೆಂಪು ಬಣ್ಣದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಬರೆದು ಟಿವಿಯ ಹತ್ತಿರ ಹೋಗಿ ನೋಡಿ. ‘ಕ್ಷ’ ‘ಜ್ಞ’ದ ಒಳಗಿನ ಗೆರೆಗಳು ಒಂದಕ್ಕೊಂದು ಕಲಸಿಕೊಂಡು, ಅದೇ ಸಾಲು ಬಿಳಿ ಬಣ್ಣದಲ್ಲಿ ಚೆನ್ನಾಗಿ ಕಂಡರೆ, ಟಿವಿ ಬಣ್ಣದ ವಿವರವನ್ನು ಅಕ್ಕಪಕ್ಕದ ಚುಕ್ಕಿಗಳಿಗೆ ಹಂಚಿ ಉಳಿತಾಯ ಮಾಡುತ್ತಿದೆ ಎಂದರ್ಥ. ಇನ್‌ಪುಟ್ ಪಟ್ಟಿಯಲ್ಲಿ ಆ ಎಚ್‌ಡಿಎಂಐಯ ಹೆಸರನ್ನು ಅಥವಾ ಐಕಾನನ್ನು ‘ಪಿಸಿ’ ಎಂದು ಬದಲಿಸಿದರೆ ಸ್ಯಾಮ್‌ಸಂಗ್, ಎಲ್‌ಜಿ ಟಿವಿಗಳು ಪ್ರತಿ ಚುಕ್ಕಿಯ ಬಣ್ಣವನ್ನೂ ಬಿಡಿಬಿಡಿಯಾಗಿ ತೋರಿಸುತ್ತವೆ. ಹೆಸರು ಬದಲಿಸಿದರೆ ಚಿತ್ರ ಬದಲಾಗುತ್ತದೆಂದು ಯಾರೂ ಊಹಿಸುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಜತೆಗೆ ಅಕ್ಷರದ ಸುತ್ತ ಕಾಣುವ ಬಿಳಿ ನೆರಳು ಹೋಗುವ ತನಕ ಶಾರ್ಪ್‌ನೆಸ್ ಇಳಿಸಿ, ಆ ನೆರಳು ಅದರದ್ದೇ. ಕಪ್ಪು ಬೂದಿಯ ಹಾಗೆ ಕಂಡರೆ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ‘ಲಿಮಿಟೆಡ್ ರೇಂಜ್’ ಇದೆ, ‘ಫುಲ್’ ಮಾಡಿ. ಟಿವಿಯಲ್ಲಿಯೂ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಅದಕ್ಕೆ ಹೊಂದಬೇಕು.

ಧ್ವನಿ ಲ್ಯಾಪ್‌ಟಾಪಿನಿಂದಲೇ ಬರುತ್ತಿದ್ದರೆ ಸ್ಪೀಕರ್ ಚಿಹ್ನೆ ಒತ್ತಿ ಟಿವಿಯ ಹೆಸರು ಆರಿಸಿದರೆ ಆಯಿತು.

ಇಷ್ಟೆಲ್ಲ ಸರಿ ಇದ್ದೂ ಯೂಟ್ಯೂಬ್ ಮಂಕಾಗಿದ್ದರೆ ದೋಷ ನೆಟ್ಟಿನದು. ಮಳೆಗಾಲದಲ್ಲಿ ನಮ್ಮ ಕೊಡಗಿನ ಭಾಗಮಂಡಲ, ಸೋಮವಾರಪೇಟೆ ಕಡೆಯ ಒಳ ಊರುಗಳಲ್ಲಿ ಕರೆಂಟು ಹೋದ ಹಿಂದೆಯೇ ಟವರೂ ಸತ್ತು, ಉಳಿದ ಸಣ್ಣ ನೆಟ್ಟಿಗೆ ಯೂಟ್ಯೂಬ್ ತಾನಾಗಿಯೇ 360ಕ್ಕೆ ಇಳಿದುಬಿಡುತ್ತದೆ. ಗೇರ್ ಚಿಹ್ನೆ ಒತ್ತಿ ಕ್ವಾಲಿಟಿ ಎಷ್ಟಿದೆ ನೋಡಿ. ಅಕ್ಟೋಬರಿನಲ್ಲಿ ತಲಕಾವೇರಿಯ ತೀರ್ಥೋದ್ಭವದ ನೇರಪ್ರಸಾರಕ್ಕೆ ಇಡೀ ಮನೆ ಕೂರುತ್ತದೆಂದಾದರೆ ನೆಟ್ ಬರುವ ಕಿಟಕಿಯ ಬಳಿ ಮೊಬೈಲಿಟ್ಟು ಯುಎಸ್‌ಬಿ ವೈರಿನಲ್ಲೇ ಲ್ಯಾಪ್‌ಟಾಪಿಗೆ ನೆಟ್ ಕೊಡಿ, ಉಳಿದ ಮೊಬೈಲುಗಳ ವೈಫೈ ಬಿಡಿಸಿ. ವಿಂಡೋಸ್ ಕೀ ಜತೆ ‘ಕೆ’ ಒತ್ತಿ ವೈರಿಲ್ಲದೆ ಟಿವಿಗೆ ಕಳಿಸುವ ದಾರಿಯೂ ಇದೆ. ಫೋಟೊ ತೋರಿಸಲು ಸಾಕು, ಪೂರ್ತಿ ಸ್ಪಷ್ಟತೆಗೆ ನಾನು ಅದನ್ನು ಹೇಳುವುದಿಲ್ಲ.

ನಮ್ಮ ತೇವದ ಹವೆಯಲ್ಲಿ ಪೋರ್ಟಿನ ಪಿನ್ ಮಂಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೇಬಲ್, ಕನ್ವರ್ಟರುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜತೆ ಮುಚ್ಚಳದ ಡಬ್ಬಿಯಲ್ಲಿಡಿ, ಪ್ರತಿದಿನ ಸ್ವಲ್ಪ ಹೊತ್ತು ಟಿವಿ ಹಾಕಿ ಒಳಗಿನ ತೇವ ಆರಲು ಬಿಡಿ. ಪಿನ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಮಾತ್ರ, ಎಣ್ಣೆ ಸೀಮೆಎಣ್ಣೆ ಯಾವುದೂ ಬೇಡ. ಸಿಡಿಲಿನ ಭಯ ಹೆಚ್ಚಿರುವುದು ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಮಳೆಗೆ. ಗುಡುಗು ದೂರದಲ್ಲಿ ಕೇಳಿದಾಗಲೇ ಎಲ್ಲ ಪ್ಲಗ್ ಕೀಳಿ. ಬರೀ ಪ್ಲಗ್ ಕಿತ್ತು ಡಿಶ್ ವೈರನ್ನು ಸೆಟ್‌ಟಾಪ್ ಬಾಕ್ಸಿನಲ್ಲೇ ಬಿಟ್ಟರೆ ಪ್ರಯೋಜನವಿಲ್ಲ. ಸಿಡಿಲು ಮಾಡಿನ ಮೇಲಿನ ಡಿಶ್‌ನಿಂದ ಬಾಕ್ಸಿಗೆ, ಬಾಕ್ಸಿನ ಎಚ್‌ಡಿಎಂಐಯಿಂದ ಟಿವಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ ದಾರಿ ಮಾಡಿಕೊಳ್ಳುತ್ತದೆ. ಡಿಶ್ ವೈರಿನ ತಿರುಪು ಬಿಚ್ಚಿ ದೂರ ಇಡಿ, ಲ್ಯಾಪ್‌ಟಾಪಿನ ಕಡೆಯ ಎಚ್‌ಡಿಎಂಐಯನ್ನೂ ಕಿತ್ತುಬಿಡಿ. ಆದರೆ ಸಿಡಿಲು ತಲೆಯ ಮೇಲೆಯೇ ಬಂದಿದ್ದರೆ ಆ ವೈರುಗಳನ್ನು ಮುಟ್ಟಲು ಹೋಗಬೇಡಿ.