ಬೆಕ್ಕಿನ ಕಾಲಿಗೆ ಅಂಟಿದ್ದೆಲ್ಲ ಅದರ ಹೊಟ್ಟೆಗೆ ಸೇರುತ್ತದೆ

ನಮ್ಮ ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆ ರಾಗಿ ಮೂಟೆ ಇಟ್ಟಿರುವ ಮನೆಗಳಲ್ಲೂ ರೇಷ್ಮೆ ಹುಳು ಸಾಕುವ ಮನೆಗಳಲ್ಲೂ ಬೆಕ್ಕು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇಲಿಗಳು ರಾಗಿಯನ್ನಷ್ಟೇ ಅಲ್ಲದೆ ಗೂಡು ಕಟ್ಟಲು ಹಣ್ಣಾದ ಹುಳುವನ್ನೂ ಗೂಡನ್ನೂ ಬಿಡುವುದಿಲ್ಲವಾದ್ದರಿಂದ, ಬೆಕ್ಕನ್ನು ಮುದ್ದಿಗೆ ಸಾಕಿದವರಿಗಿಂತ ಕೆಲಸಕ್ಕೆಂದು ಸಾಕಿದವರೇ ಇಲ್ಲಿ ಹೆಚ್ಚು. ಬೆಕ್ಕು ಮೂಸಿ ನೋಡಿ ತಿನ್ನುವ ಪ್ರಾಣಿ, ಅದು ವಿಷ ಮುಟ್ಟುವುದಿಲ್ಲ ಎಂದು ಹಲವರು ನಂಬಿದ್ದಾರೆ. ಮೂಸುವುದು ನಿಜವೇ, ಆದರೆ ಅದು ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿಯೂ ಹೌದು. ಪಾದಕ್ಕೆ, ಹೊಟ್ಟೆಯ ಕೂದಲಿಗೆ, ಬಾಲಕ್ಕೆ ಏನು ಅಂಟಿದರೂ ಅರ್ಧ ಗಂಟೆಯೊಳಗೆ ಅದರ ನಾಲಿಗೆಯ ಮೂಲಕ ಒಳಗೆ ಹೋಗಿರುತ್ತದೆ. ಆದ್ದರಿಂದ ಬೆಕ್ಕು ಸಾಕಿದವರು ಅದರ ತಟ್ಟೆಗಿಂತ ಮೊದಲು ಮನೆಯ ನೆಲವನ್ನು ನೋಡಬೇಕು.

ನೆಲದ ವಿಷಯದಲ್ಲಿ ನಾನು ಮೊದಲು ಹೇಳುವುದು ಫಿನಾಯಿಲ್ ಬಗ್ಗೆ. ನೀರಿಗೆ ಹಾಕಿದೊಡನೆ ಬೆಳ್ಳಗಾಗುವ ಕೆಲವು ದ್ರಾವಣಗಳಲ್ಲಿ ಫಿನಾಲ್ ಜಾತಿಯ ರಾಸಾಯನಿಕ ಇರುತ್ತದೆ. ಮನುಷ್ಯರ ಯಕೃತ್ತು ಅಂಥದ್ದನ್ನು ಪರಿವರ್ತಿಸಿ ಹೊರಹಾಕುವ ರೀತಿಯಲ್ಲಿ ಬೆಕ್ಕಿನ ಯಕೃತ್ತು ಹೊರಹಾಕಲಾರದು. ಅದಕ್ಕೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ತೀರ ಕಡಿಮೆ. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಸ್ವಲ್ಪ ಹೊತ್ತಿನ ಮೇಲೆ ಜೊಲ್ಲು ಸುರಿಸುತ್ತಾ, ನಾಲಿಗೆ ಕೆಂಪಾಗಿ, ಅನ್ನ ಮುಟ್ಟದೆ ಮೂಲೆ ಸೇರಿದರೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ದಿನನಿತ್ಯಕ್ಕೆ ಸಾಬೂನಿನ ನೀರು ಸಾಕು. ಫಿನಾಯಿಲ್ ಬಳಸಲೇಬೇಕಾದಾಗ ಒರೆಸಿದ ಮೇಲೆ ಬರೀ ನೀರಿನಿಂದ ಇನ್ನೊಮ್ಮೆ ಒರೆಸಿ, ನೆಲ ಪೂರ್ತಿ ಒಣಗುವ ತನಕ ಬೆಕ್ಕನ್ನು ಹೊರಗೇ ಇರಿಸಿ. ಹುಳು ಮನೆಯಲ್ಲಿ ಒಂದು ಹುಳುಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಹಾಕುವ ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣಕ್ಕೂ ಇದೇ ಮಾತು: ಆ ಪುಡಿ ಬೆಕ್ಕಿನ ಪಾದವನ್ನೂ ಬಾಯಿಯನ್ನೂ ಸುಡುತ್ತದೆ. ಜಿರಳೆಗೆ ಗೀಚುವ ಸೀಮೆಸುಣ್ಣದ ಗೆರೆಯನ್ನು ಬೆಕ್ಕು ಓಡಾಡುವ ಗೋಡೆಯಂಚಿನಲ್ಲಿ ಎಳೆಯಬೇಡಿ.

ಇನ್ನು ಔಷಧಿಯ ಡಬ್ಬ. ಪ್ಯಾರಾಸಿಟಮಾಲ್‌ನಷ್ಟು ಸುಲಭವಾಗಿ, ಅದೂ ನಮ್ಮ ಪ್ರೀತಿಯ ಕೈಯಿಂದಲೇ, ಬೆಕ್ಕನ್ನು ಕೊಲ್ಲುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಬೆಕ್ಕಿನ ಮೈ ಶಾಖವೇ ಮನುಷ್ಯರಿಗಿಂತ ಹೆಚ್ಚು. ಆರೋಗ್ಯವಾಗಿರುವ ಬೆಕ್ಕಿಗೂ 101, 102 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಮುಟ್ಟಿ ನೋಡಿದವರು ಜ್ವರ ಬಂದಿದೆಯೆಂದು ಭಾವಿಸಿ ಅರ್ಧ ಮಾತ್ರೆಯನ್ನು ಹಾಲಿನಲ್ಲಿ ಕದಡಿ ಕುಡಿಸುತ್ತಾರೆ. ನಾಲ್ಕು ಕಿಲೋ ತೂಕದ ಬೆಕ್ಕಿಗೆ 500 ಮಿಲಿಗ್ರಾಂನ ಒಂದು ಮಾತ್ರೆ ಪ್ರಾಣಕ್ಕೇ ಸಂಚಕಾರ, ಅರ್ಧವೂ ಸುರಕ್ಷಿತವಲ್ಲ. ಅದು ರಕ್ತವನ್ನು ಆಮ್ಲಜನಕ ಹೊರಲಾಗದಂತೆ ಮಾಡುವುದರಿಂದ, ಗುಲಾಬಿ ಬಣ್ಣದ ಒಸಡು ಕೆಲವೇ ಗಂಟೆಗಳಲ್ಲಿ ಕಂದು ಬಣ್ಣಕ್ಕೋ ನೀಲಿಗೋ ತಿರುಗುತ್ತದೆ, ಉಸಿರಾಟ ವೇಗವಾಗುತ್ತದೆ, ಮುಖ ಮತ್ತು ಮುಂಗಾಲು ಊದಿಕೊಳ್ಳುತ್ತವೆ. ಮಕ್ಕಳ ಸಿರಪ್ಪೂ ಅದೇ ಔಷಧಿ. ಮೈಕೈ ನೋವಿಗೆ ನಾವು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೂತ್ರಪಿಂಡವನ್ನು ಕೆಡಿಸುತ್ತವೆ. ವಯಸ್ಸಾದವರ ಕೈಯಿಂದ ಜಾರಿದ ಮಾತ್ರೆಯನ್ನು ಮಂಚದ ಕೆಳಗೆ ಬಗ್ಗಿ ಹುಡುಕಿ ತೆಗೆಯುವುದು ಮನೆಯ ಕಿರಿಯರ ಕೆಲಸವಾಗಬೇಕು.

ಬೆಕ್ಕನ್ನೂ ಸಾಕಿ ಇಲಿಪಾಷಾಣವನ್ನೂ ಇಡುವ ಮನೆಗಳನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅಂಗಡಿಯಲ್ಲಿ ಸಿಗುವುದರಲ್ಲಿ ಒಂದು ಬಗೆ ಬ್ರೊಮಾಡಿಯೋಲೋನ್ ಇರುವ ಬಿಲ್ಲೆ. ಅದನ್ನು ತಿಂದ ಇಲಿ ಕೂಡಲೇ ಸಾಯದೆ ಎರಡು ಮೂರು ದಿನ ತೂಕಡಿಸುತ್ತಾ ತಿರುಗುತ್ತದೆ, ಬೆಕ್ಕಿಗೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಅಂಥ ಇಲಿಗಳನ್ನು ತಿಂದ ಬೆಕ್ಕಿನ ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡು, ಕೆಲವು ದಿನಗಳ ನಂತರ ಮೂಗಿನಲ್ಲೋ ಮಲದಲ್ಲೋ ರಕ್ತ ಕಾಣಿಸುತ್ತದೆ. ಇದಕ್ಕೆ ವಿಟಮಿನ್ ಕೆ1 ಮದ್ದಾಗಿರುವುದರಿಂದ ಬೇಗ ತೋರಿಸಿದರೆ ಉಳಿಸಬಹುದು. ಇನ್ನೊಂದು ಬಗೆಯಾದ ಕಪ್ಪು ಪುಡಿ, ಜಿಂಕ್ ಫಾಸ್ಫೈಡ್, ಇದಕ್ಕಿಂತ ಕ್ರೂರವಾದದ್ದು. ಹೊಟ್ಟೆಯ ಹುಳಿ ತಾಗಿದೊಡನೆ ಅದು ವಿಷಾನಿಲವಾಗುತ್ತದೆ, ಅದಕ್ಕೆ ಪ್ರತಿವಿಷವೂ ಇಲ್ಲ. ಬೆಳ್ಳುಳ್ಳಿಯಂಥ ಅಥವಾ ಕೊಳೆತ ಮೀನಿನಂಥ ವಾಸನೆಯ ವಾಂತಿ ಇದರ ಗುರುತು. ಆ ಅನಿಲ ನಮಗೂ ಅಪಾಯಕಾರಿಯಾದ್ದರಿಂದ ವಾಂತಿಯ ಮೇಲೆ ಬಗ್ಗಿ ಮೂಸಬಾರದು, ಬೆಕ್ಕನ್ನು ಕಾರಿನಲ್ಲಿ ಕರೆದೊಯ್ಯುವಾಗ ಕಿಟಕಿಗಳನ್ನು ತೆರೆದೇ ಇಡಬೇಕು. ರಾಗಿಯನ್ನು ಮುಚ್ಚಳವಿರುವ ಡ್ರಮ್ಮಿಗೆ ತುಂಬಿಸಿ, ಬಾಗಿಲ ಸಂದಿ ಮುಚ್ಚಿಸಿ, ಇಲಿಬೋನು ಇಡುವುದು ಬೆಕ್ಕಿರುವ ಮನೆಗೆ ಸರಿಯಾದ ದಾರಿ.

ನಾಯಿಯ ಉಣ್ಣಿಗೆಂದು ತಂದ, ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಹನಿಮದ್ದನ್ನು ಉಳಿದಿದೆಯೆಂದು ಬೆಕ್ಕಿಗೆ ಹಾಕಬಾರದು. ಕೆಲವೇ ಗಂಟೆಗಳಲ್ಲಿ ನಡುಕ ಹತ್ತಿ ಸೆಳೆತ ಬರುತ್ತದೆ. ಆರತಕ್ಷತೆಯಿಂದ ಮನೆಗೆ ಬರುವ ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಬೆಕ್ಕಿರುವ ಕೋಣೆಗೆ ತರಲೇಬೇಡಿ, ಏಕೆಂದರೆ ಮೈಮೇಲೆ ಉದುರಿದ ಅದರ ಪರಾಗವನ್ನು ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಮೂತ್ರಪಿಂಡಗಳು ಸೋಲುತ್ತವೆ, 18 ಗಂಟೆ ಮೀರಿದ ಮೇಲೆ ಚಿಕಿತ್ಸೆ ಫಲಿಸುವುದು ಕಷ್ಟ. ಬಟ್ಟೆಯ ಪೆಟ್ಟಿಗೆಯ ನುಸಿಗುಳಿಗೆ, ದೇವರಮನೆಯ ಕರ್ಪೂರ ಮುಚ್ಚಿದ ಡಬ್ಬಿಯಲ್ಲಿರಲಿ. ಬಸ್ಸಾರು ಕಲಸಿದ ಮುದ್ದೆ ಕೊಡುವ ಅಭ್ಯಾಸ ನಮ್ಮಲ್ಲಿದೆ. ಈರುಳ್ಳಿ, ಬೆಳ್ಳುಳ್ಳಿ ಬೆಂದರೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಆದ್ದರಿಂದ ಮಸಾಲೆ ಬೀಳುವ ಮೊದಲೇ ಅದರ ಪಾಲನ್ನು ತೆಗೆದಿಡಿ.

ಹೂ ಕಟ್ಟುವ ಮನೆಗಳಲ್ಲಿ ದಾರದ ಬಗ್ಗೆ ಎಚ್ಚರವಿರಬೇಕು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಬಾಯಿಗೆ ಹೋದ ದಾರವನ್ನು ಅದು ಉಗುಳಲಾರದು, ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸಿಕ್ಕಿಕೊಂಡರೆ ಕರುಳು ಲಾಡಿ ಎಳೆದ ಚೀಲದಂತೆ ನೆರಿಗೆಗಟ್ಟಿ ಹರಿಯುತ್ತದೆ. ಬಾಯಲ್ಲಿಯೋ ಹಿಂದೆಯೋ ದಾರದ ತುದಿ ಕಂಡರೆ ಎಳೆಯದೆ ಆಸ್ಪತ್ರೆಗೆ ಒಯ್ಯಿರಿ.

ಏನೋ ತಿಂದಿದೆ ಎಂಬ ಅನುಮಾನ ಬಂದಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹುಣಸೆನೀರು, ಹಾಲು, ಎಣ್ಣೆ ಹೊಯ್ಯುವುದು ಯಾವುದೂ ಬೇಡ. ಉಪ್ಪೇ ಅದಕ್ಕೆ ವಿಷವಾಗಬಹುದು, ಬಲವಂತವಾಗಿ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು, ಹುಳಿಯಂತೂ ಕಪ್ಪು ಪುಡಿ ತಿಂದ ಬೆಕ್ಕಿನ ಹೊಟ್ಟೆಯಲ್ಲಿ ವಿಷಾನಿಲವನ್ನು ಹೆಚ್ಚಿಸುತ್ತದೆ. ಮೈಗೆ ಅಂಟಿದ್ದರೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಟವೆಲಿನಲ್ಲಿ ಸುತ್ತಿ ಹೊರಡಿ. ಪೊಟ್ಟಣ, ಮಾತ್ರೆಯ ಹಾಳೆ, ಗಿಡದ ಎಲೆ, ಏನು ಸಿಕ್ಕಿತೋ ಅದನ್ನು ಜೊತೆಗೆ ತೆಗೆದುಕೊಂಡು ಹೋಗಿ, ಎಷ್ಟು ಹೊತ್ತಿಗೆ ತಿಂದಿತೆಂದು ವೈದ್ಯರಿಗೆ ತಿಳಿಸಿ. ಊರಿನ ಪಶು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಡ್ರಿಪ್ಪಿನ ಅನುಕೂಲ ಇಲ್ಲದಿದ್ದರೆ, ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿಕೊಳ್ಳಿ, ಆದರೆ ಬೆಳಗಾಗಲಿ ನೋಡೋಣ ಎಂದು ಮಾತ್ರ ಕಾಯಬೇಡಿ.